ನಡುವೆ ನಿಲ್ಲುವವನಿಗೆ ಕುರ್ಚಿಯಿಲ್ಲ

ಚುನಾವಣಾ ಮಂಡಳಿಗೆ ಸದಸ್ಯರನ್ನು ನೇಮಿಸುವ ಮಾನ್ಯ ಕಾರ್ಯದರ್ಶಿಯವರೇ,

ನನ್ನ ತಾಯಿ ತೀರಿಕೊಂಡ ದಿನ ನಮ್ಮ ಹಟ್ಟಿಯ ಅರ್ಧ ಜನ ಬಾಯಿ ತೆರೆಯಲಿಲ್ಲ. ಅದಕ್ಕೆ ನಿಮ್ಮ ನೇಮಕಾತಿ ಆದೇಶ ಕಾರಣ. ಒಬ್ಬ ಹೆಂಗಸಿನ ಸಾವಿಗೂ ಚೆನ್ನೈನ ಒಂದು ಸಹಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇರಬಾರದಿತ್ತು. ಇದೆ ಎಂಬುದೇ ನನ್ನ ದೂರು. ಈ ದೂರನ್ನು ಮೊದಲು ತಮಿಳಿನಲ್ಲಿ ಬರೆದು ನಿಮ್ಮ ಕಚೇರಿಗೆ ಕಳುಹಿಸಿ ಬಹಳ ದಿನವಾಯಿತು. ಉತ್ತರ ಬರಲಿಲ್ಲ. ಈಗ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಅಚ್ಚಾಗುವ ಭಾಷೆಗಳಲ್ಲಿ ನನ್ನ ತಾಯಿಯ ಮಾತಿಗೆ ಹತ್ತಿರವಿರುವುದು ಇದೊಂದೇ.

ಸಹಕಾರ ಸಂಘಗಳ ಚುನಾವಣೆ ನಡೆಸಲು ನೀವು ರಾಜ್ಯಕ್ಕೊಂದು ಮಂಡಳಿ ಮಾಡಿದ್ದೀರಿ. ನಾಲ್ಕು ಕುರ್ಚಿ. ಎರಡಕ್ಕೆ ಆಳುವ ಪಕ್ಷ ಹೆಸರು ಕೊಡುತ್ತದೆ, ಎರಡಕ್ಕೆ ಎದುರು ಪಕ್ಷ. ನೀವು ಸಹಿ ಹಾಕುತ್ತೀರಿ. ಒಬ್ಬನ ಮೇಲಿನ ಅನುಮಾನಕ್ಕೆ ಇನ್ನೊಬ್ಬನ ಮೇಲಿನ ಅನುಮಾನವನ್ನು ಕಾವಲಿಟ್ಟರೆ ನ್ಯಾಯ ತಾನಾಗಿ ಹುಟ್ಟುತ್ತದೆ ಎಂದು ಯಾರೋ ಯೋಚಿಸಿದ್ದಾರೆ. ಕಾಗದದ ಮೇಲೆ ಇದು ಚೆನ್ನಾಗಿಯೇ ಕಾಣುತ್ತದೆ. ಸದಸ್ಯರು ತೆಗೆದುಕೊಳ್ಳುವ ಪ್ರಮಾಣದಲ್ಲಿ ‘ನಡುನಿಲೈ’ ಎಂಬ ತಮಿಳು ಮಾತಿದೆ. ನಡುವೆ ನಿಲ್ಲುವುದು ಎಂದರ್ಥ. ಆದರೆ ನಿಜಕ್ಕೂ ನಡುವೆ ನಿಂತವನು ಯಾವ ಕುರ್ಚಿಯಲ್ಲಿ ಕೂರಬೇಕು, ಸ್ವಾಮಿ? ಮೊದಲು ಒಂದು ಬದಿಗೆ ಹೋಗಿ, ಅಲ್ಲಿಂದ ಚೀಟಿ ತಂದು, ಆಮೇಲೆ ನಡುವೆ ನಿಲ್ಲುತ್ತೇನೆಂದು ಆಣೆಯಿಡಬೇಕೆ?

ಧರ್ಮಲಿಂಗಂ ನನ್ನ ತಂದೆಯ ಅಣ್ಣ. ಹೈಸ್ಕೂಲಿನ ಹೆಡ್‌ಮಾಸ್ಟರಾಗಿದ್ದು ನಿವೃತ್ತರಾದವರು. ನಮ್ಮ ಗುಡ್ಡದ ನಡುವಟ್ಟಂ ಕಡೆಯ ಇಳಿಜಾರಿನಲ್ಲಿ ಎಲ್ಲರಂತೆ ಅವರಿಗೂ ಒಂದಿಷ್ಟು ಚಹಾ ತೋಟ. ಬೇಲಿ ಜಗಳಕ್ಕೆ, ಮದುವೆ ಮಾತಿಗೆ ಎರಡೂ ಪಕ್ಷದವರು ಅವರ ಬಾಗಿಲಿಗೇ ಬರುತ್ತಿದ್ದರು. ಗುಡ್ಡದ ಸಹಕಾರಿ ಚಹಾ ಎಲೆ ಫ್ಯಾಕ್ಟರಿಗಳ ಚುನಾವಣೆ ನೋಡಿಕೊಳ್ಳಲು ಮಂಡಳಿಗೊಬ್ಬರು ಬೇಕಾದಾಗ ಎಲ್ಲರೂ ಅವರ ಹೆಸರನ್ನೇ ಹೇಳಿದರು. ನಿಮ್ಮ ಕಚೇರಿಯಿಂದ ಫೋನ್ ಬಂದಾಗ ನಾನು ಪಕ್ಕದಲ್ಲೇ ಇದ್ದೆ.

“ಸಾರ್, ನೀವು ಯಾವ ಕಚ್ಚಿ?” ಪಕ್ಷಕ್ಕೆ ನಮ್ಮಲ್ಲೂ ತಮಿಳಿನ ಆ ಮಾತೇ ಬಳಕೆ.

“ಎನಗ ಕಚ್ಚಿ ಇಲ್ಲೆ.”

“ಕಚ್ಚಿ ಇಲ್ಲದವರಿಗೆ ಸೀಟಿಲ್ಲ ಸಾರ್. ಈಗ ಎದುರು ಕಚ್ಚಿಯ ಒಂದು ಖಾಲಿ ಇದೆ. ಸುಮ್ಮನೆ ಹೆಸರಿಗೆ. ಯಾರು ನೋಡುತ್ತಾರೆ?”

ಎಲ್ಲರೂ ನೋಡಿದರು. ಪತ್ರಿಕೆಗಳಲ್ಲಿ ಅವರ ಹೆಸರಿನ ಪಕ್ಕ ಕಂಸದೊಳಗೆ ಒಂದು ಪಕ್ಷದ ಹೆಸರು ಅಚ್ಚಾಗಿತ್ತು. ದೊಡ್ಡಪ್ಪ ನಕ್ಕರು. ನಾನೂ ನಕ್ಕೆ. ಒಬ್ಬ ಮನುಷ್ಯನ ಬದುಕಿಗಿಂತ ಒಂದು ಕಂಸ ದೊಡ್ಡದಾದೀತೆಂದು ನಮಗೆ ಹೊಳೆಯಲಿಲ್ಲ.

ನಮ್ಮ ಫ್ಯಾಕ್ಟರಿಯ ಚುನಾವಣೆಗೆ ನನ್ನ ಚಿಕ್ಕಪ್ಪನ ಮಗ ಭೀಮ ನಿಂತ. ಅವನು ಆಳುವ ಪಕ್ಷದವನು. ಬಸ್ಸು ತಡವಾಗಿ, ಗಡುವು ಮುಗಿದ ಮೇಲೆ ನಾಮಪತ್ರ ತಂದ. ದೊಡ್ಡಪ್ಪ ತೆಗೆದುಕೊಳ್ಳಲಿಲ್ಲ. ಹಿಂದಿನ ದಿನಗಳಾಗಿದ್ದರೆ ಭೀಮ ಎರಡು ದಿನ ಮುಖ ಊದಿಸಿಕೊಂಡಿದ್ದು ಮೂರನೆಯ ದಿನ ಚಹಾಕ್ಕೆ ಬರುತ್ತಿದ್ದ. ಈ ಸಲ ಅಂಗಡಿಯ ಮುಂದೆ ನಿಂತು ನನಗೇ ಹೇಳಿದ: “ಬಿಡು ಅಣ್ಣಾ, ದೊಡ್ಡಪ್ಪಗ ಕಣ್ಣಾಡಿ ಕೊಟ್ಟದೇ ಆ ಕಚ್ಚಿ. ಅದರಲ್ಲಿ ನಂಗ ಕಾಗದ ತಪ್ಪಾಗೇ ಕಾಂಬದು.” ಕಣ್ಣಾಡಿ ಎಂದರೆ ಕನ್ನಡಕ, ನಂಗ ಎಂದರೆ ನಮ್ಮ. ಸುತ್ತ ಇದ್ದವರು ನಕ್ಕರು. ಅವನನ್ನು ನಾನು ದೂರುವುದಿಲ್ಲ. ತೀರ್ಪು ಸರಿಯೇ ತಪ್ಪೇ ಎಂದು ಯೋಚಿಸುವ ಕಷ್ಟದಿಂದ ನೀವು ಅವನನ್ನು ಪಾರುಮಾಡಿದ್ದಿರಿ. ಯಾರ ಕಡೆಯವರದು ಎಂದು ನೋಡಿದರೆ ಸಾಕಾಗಿತ್ತು.

ಆ ಮಳೆಗಾಲದ ಕೊನೆಗೆ ಅವ್ವೆ ಹೋದಳು. ನಮ್ಮಲ್ಲಿ ಸತ್ತವರನ್ನು ಕಳುಹಿಸುವ ಮುನ್ನ ಹಿರಿಯರೊಬ್ಬರು ನಿಂತು ಅವರ ಪಾಪಗಳನ್ನು ಒಂದೊಂದಾಗಿ ಹೇಳುತ್ತಾರೆ. ಮಾಡಿದ್ದೋ ಮಾಡದಿದ್ದುದೋ, ಮನುಷ್ಯರಿಂದ ಆಗಬಹುದಾದದ್ದೆಲ್ಲ ಅದರಲ್ಲಿ ಬರುತ್ತದೆ. ಒಂದೊಂದಕ್ಕೂ ಸೇರಿದವರೆಲ್ಲ ‘ಪಾಪ’ ಎಂದು ದನಿಗೂಡಿಸಬೇಕು. ಎಲ್ಲರೂ ಒಪ್ಪಿ ಹೇಳಿದರೆ ಅದು ಸತ್ತವರ ಮೇಲಿನಿಂದ ಇಳಿಯುತ್ತದೆ ಎಂದು ನಂಬಿಕೆ. ನನಗೆ ಆ ನಂಬಿಕೆ ಇದೆಯೇ ಎಂದು ಕೇಳಬೇಡಿ, ಗೊತ್ತಿಲ್ಲ. ಅವ್ವೆಗೆ ಇತ್ತು.

ನಮ್ಮ ಹಟ್ಟಿಯಲ್ಲಿ ಅದನ್ನು ಹೇಳುವವರು ದೊಡ್ಡಪ್ಪ. ಅವರು ಮೊದಲನೆಯದನ್ನು ಹೇಳಿದರು. ದುಃಖಕ್ಕಿಂತ ಮೊದಲು ನನ್ನ ಗಮನಕ್ಕೆ ಬಂದದ್ದು ದನಿಯ ಗಾತ್ರ. ಅದು ತೆಳ್ಳಗಿತ್ತು. ಭೀಮನೂ ಅವನ ಕಡೆಯವರೂ ತಲೆಗೆ ಬಟ್ಟೆ ಸುತ್ತಿ ಮರ್ಯಾದೆಯಿಂದಲೇ ನಿಂತಿದ್ದರು. ತುಟಿ ಮಾತ್ರ ಅಲುಗಲಿಲ್ಲ. ಎರಡನೆಯದಕ್ಕೆ ನಮ್ಮ ಕಡೆಯ ಕೆಲವರೂ ಅಳುಕಿ ದನಿ ತಗ್ಗಿಸಿದರು. ದೊಡ್ಡಪ್ಪ ಕಾದರು. ಆಮೇಲೆ ಪಾಪವನ್ನೂ ಅವರೇ ಹೇಳಿದರು, ಒಪ್ಪಿಗೆಯನ್ನೂ ಅವರೇ ಕೊಟ್ಟರು. ಕೊನೆಯವರೆಗೂ ಹಾಗೆಯೇ. ಕೆಂಪಿ ಎಂಬ ನನ್ನ ಅವ್ವೆ ಯಾವ ಪಕ್ಷಕ್ಕೂ ಸೇರಿದವಳಲ್ಲ. ಅವಳ ಮೇಲಿನಿಂದ ಎಷ್ಟು ಇಳಿಯಿತು, ಎಷ್ಟು ಉಳಿಯಿತು? ನಿಮ್ಮ ಯಾವ ವಿಭಾಗದಲ್ಲಿ ವಿಚಾರಿಸಲಿ?

ಮರುದಿನವೇ ದೊಡ್ಡಪ್ಪ ರಾಜೀನಾಮೆ ಕಳುಹಿಸಿದರು. ಅದಕ್ಕೆ ಮಾತ್ರ ನೀವು ಬೇಗ ಉತ್ತರಿಸಿದಿರಿ. ಆ ಸ್ಥಾನ ಪಕ್ಷಕ್ಕೆ ಸೇರಿದ್ದು, ಪಕ್ಷ ಇನ್ನೊಂದು ಹೆಸರು ಕೊಡುವವರೆಗೆ ಬಿಡುಗಡೆ ಸಾಧ್ಯವಿಲ್ಲ ಎಂದಿರಿ. ಎಂದೂ ಸೇರದ ಪಕ್ಷವನ್ನು ಅದರ ಅಪ್ಪಣೆಯಿಲ್ಲದೆ ಬಿಡಲಾಗದು! ಇಂಥ ಬಂಧನವನ್ನು ಕಟ್ಟಲು ಸಾಮಾನ್ಯ ಬುದ್ಧಿ ಸಾಲದು. ಒಪ್ಪುತ್ತೇನೆ.

ಈಗ ಭೀಮನ ತಾಯಿ ಲಿಂಗಿ ಹೆತ್ತೆ ಹಾಸಿಗೆ ಹಿಡಿದಿದ್ದಾಳೆ. ವಯಸ್ಸಾದ ಹೆಂಗಸನ್ನು ನಮ್ಮಲ್ಲಿ ಹೆತ್ತೆ ಎನ್ನುತ್ತೇವೆ. ಹೋದ ವಾರ ನೋಡಲು ಹೋಗಿದ್ದೆ. ಮಗನ ಎದುರಿಗೇ ಹೇಳಿದಳು: “ಎನಗ ಧರ್ಮಲಿಂಗನೇ ಹೇಳಲಿ. ಬೇರೆಯವ ಹೇಳಿದರೆ ಎನ್ನ ಪಾಪದಲ್ಲಿ ಅರ್ಧ ಬಿಟ್ಟುಬಿಡುವ.”

ಭೀಮ ನೆಲ ನೋಡುತ್ತಾ ಅಂದ: “ಅವ್ವೆ, ಅವರು ಹೇಳಿದರೆ ನಂಗ ಆಳುಗ ದನಿ ಕೊಡದು ಇಲ್ಲೆ.”

“ನೀ?”

ಮುದುಕಿ ಗೋಡೆಯ ಕಡೆ ಹೊರಳಿದಳು. “ಹಂಗಾದರೆ ನಾ ಈಗ ಸಾಯದು ಇಲ್ಲೆ. ನಿಂಗ ಕಚ್ಚಿ ಮುಗಿಯಲಿ.” ಭೀಮ ಎದ್ದು ಹೊರಗೆ ಹೋದ. ಅವನು ಅಳುತ್ತಿದ್ದನೆಂದು ಬರೆದರೆ ಅವನ ಪಕ್ಷಕ್ಕೆ ತೊಂದರೆಯಾದೀತೋ ಏನೋ. ಆದರೂ ಬರೆದಿದ್ದೇನೆ.

ನಾನು ಕೇಳುವುದು ಇಷ್ಟು. ಮಂಡಳಿಯಲ್ಲಿ ಯಾವ ಪಕ್ಷದ ಚೀಟಿಯೂ ಬೇಡದ, ಸಂಘದ ಸದಸ್ಯರೇ ಒಪ್ಪಿದ ಒಬ್ಬರಿಗೆ ಒಂದು ಕುರ್ಚಿ ಹಾಕಿ. ಅದಕ್ಕೆ ಕಾನೂನು ತಿದ್ದಬೇಕು, ತಡವಾಗುತ್ತದೆ ಎನ್ನುತ್ತೀರಿ. ಆಗಲಿ. ಆದರೆ ಧರ್ಮಲಿಂಗಂ ಅವರನ್ನು ಈಗಲೇ ಬಿಡಿ. ಅವರು ಯಾವ ಪಕ್ಷದವರೂ ಆಗಿರಲಿಲ್ಲ ಎಂದು ಅದೇ ಪತ್ರಿಕೆಗಳಲ್ಲಿ, ಅದೇ ಅಳತೆಯ ಅಕ್ಷರದಲ್ಲಿ ಪ್ರಕಟಿಸಿ. ಅದನ್ನು ನಾನೇ ಒಯ್ದು ಭೀಮನಿಗೆ ಓದಿ ಹೇಳುತ್ತೇನೆ. ನಿನ್ನೆಯಿಂದ ಲಿಂಗಿ ಹೆತ್ತೆ ಗಂಜಿಯನ್ನೂ ನುಂಗುತ್ತಿಲ್ಲ. ಆದರೂ ಕಾಯುತ್ತಿದ್ದಾಳೆ.

ಇಂತಿ,
ನಿಮ್ಮ ಉತ್ತರಕ್ಕಿಂತ ಮೊದಲು ಆ ಮನೆಯಿಂದ ಕರೆ ಬಂದೀತೆಂದು ಅಂಜುತ್ತಿರುವ,
ಮಹಾಲಿಂಗಂ