‘ತೊಂದರೆ ಇಲ್ಲ’ ಎಂದದ್ದು ನಾನು, ನನ್ನ ಹೆಂಡತಿಯಲ್ಲ

ಕ್ಯಾನ್ಸರ್ ಔಷಧ ಪ್ರಯೋಗ ಸಮಿತಿಯ ಮಾನ್ಯ ಅಧ್ಯಕ್ಷರೇ,

ತಮ್ಮ ವರದಿಯಲ್ಲಿ ಒಂದು ಸುಳ್ಳಿದೆ. ಅದನ್ನು ಹೇಳಿದವನು ನಾನು. ಹೊಸ ಚುಚ್ಚುಮದ್ದನ್ನು ನಲವತ್ತು ರೋಗಿಗಳು ‘ಯಾವುದೇ ಗಣನೀಯ ತೊಂದರೆಯಿಲ್ಲದೆ’ ಸಹಿಸಿಕೊಂಡರೆಂದು ಕಳೆದ ವಾರದ ಸಭೆಯಲ್ಲಿ ತಾವು ಓದಿದಿರಿ, ಚಪ್ಪಾಳೆಯೂ ಬಿತ್ತು. ಅದೇ ಪ್ರಮಾಣದಲ್ಲಿ ಎರಡನೆಯ ಪ್ರಯೋಗ ಬರುವ ತಿಂಗಳಿನಿಂದಲೇ ಆರಂಭವೆಂದು ಸಾರಿದಿರಿ. ಆ ನಲವತ್ತು ಮಂದಿಯಲ್ಲಿ ನನ್ನ ಹೆಂಡತಿ ವಾರಿಜಾಳೂ ಒಬ್ಬಳು. ಅವಳಿಗೆ ತೊಂದರೆ ಆಗಿತ್ತು. ಇದನ್ನು ತಮಗೆ ಖುದ್ದಾಗಿ ತಿಳಿಸಲು ಎರಡು ಸಲ ಕಚೇರಿಗೆ ಬಂದೆ. ತಾವು ಮೀಟಿಂಗಿನಲ್ಲಿದ್ದಿರಿ. ರೋಗಿಗಳ ಹಿತದ ಬಗ್ಗೆ ಮೀಟಿಂಗಂತೆ, ಒಳಗೆ ರೋಗಿ ಮಾತ್ರ ಒಬ್ಬರೂ ಇರಲಿಲ್ಲ. ಆದ್ದರಿಂದ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ವಾರಿಜಾ ಹುಡುಗಿಯರ ಶಾಲೆಯೊಂದರಲ್ಲಿ ಹೊಲಿಗೆ ಟೀಚರಾಗಿದ್ದಳು. ೧೯೮೨ರಲ್ಲಿ ಅವಳ ಎದೆಯಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ ಆಯಿತು, ವರ್ಷದೊಳಗೆ ಮತ್ತೆ ಬಂತು. ಪ್ರಯೋಗಕ್ಕೆ ಸೇರಿಸಿಕೊಳ್ಳುತ್ತೇವೆಂದು ತಮ್ಮ ಡಾಕ್ಟರರು ಹೇಳಿದಾಗ ಅವಳು ವರಾಂಡದಲ್ಲಿ ಕುಳಿತಿದ್ದಳು, ಒಳಗೆ ನಾನು ಸಹಿ ಹಾಕಿದೆ. ಗಂಡನ ಸಹಿ ಸಾಕೆಂದರು. ಮೂವತ್ತು ವರ್ಷ ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿದ್ದು, ಕಾಯಿಲೆ ಬಚ್ಚಿಟ್ಟು ಫಾರ್ಮು ತುಂಬಿದವರನ್ನು ಹಿಡಿದುಹಾಕಿದ ನನಗೆ ಅದು ವಿಚಿತ್ರವೆಂದು ಅನ್ನಿಸಲೇ ಇಲ್ಲ.

ಮೂರನೆಯ ಚುಚ್ಚುಮದ್ದಿನ ನಂತರ ಅವಳ ಬೆರಳುಗಳಿಗೆ ಜೋಮು ಹಿಡಿಯಿತು. ಐದನೆಯದರ ಹೊತ್ತಿಗೆ ಸೂಜಿ ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ, ಬಟ್ಟೆಯ ಮೇಲೆ ರಕ್ತದ ಚುಕ್ಕೆ ಕಂಡಾಗಲೇ ತಿಳಿಯುತ್ತಿತ್ತು. ಡಾಕ್ಟರರು ಪ್ರತಿ ಸಲವೂ ನನ್ನ ಮುಖ ನೋಡಿ “ಹೇಗಿದ್ದಾರೆ?” ಎಂದು ಕೇಳುತ್ತಿದ್ದರು. ಅವಳು ಪಕ್ಕದಲ್ಲೇ ಕುಳಿತಿರುತ್ತಿದ್ದಳು. “ತೊಂದರೆ ಇಲ್ಲ ಡಾಕ್ಟ್ರೇ” ಎನ್ನುತ್ತಿದ್ದೆ. ಒಮ್ಮೆ ಅವಳೇ “ಬೆರಳು ಸ್ವಲ್ಪ...” ಎಂದು ಬಾಯಿ ತೆರೆದಳು. ಮೇಜಿನ ಕೆಳಗೆ ನಾನು ಅವಳ ಕಾಲು ತುಳಿದೆ. ಅವಳು ಸುಮ್ಮನಾದಳು, ಡಾಕ್ಟರರು ಬರೆದುಕೊಂಡರು.

ಬಸ್ಸಿಗೆ ಕಾಯುವಾಗ ಕೇಳಿದಳು: “ಯಾಕೆ ಕಾಲು ತುಳಿದದ್ದು ನೀವು?”

“ಹೇಳಿದ್ರೆ ಮದ್ದು ನಿಲ್ಲಿಸಿಬಿಡ್ತಾರೆ.”

“ಕಡಿಮೆ ಕೊಡ್ಲಿಕ್ಕೆ ಆಗ್ತದಾ ಅಂತ ಕೇಳುವ ಅಂತ ಇದ್ದೆ ಮಾರಾಯ್ರೆ. ಎರಡು ತಿಂಗಳು ಮೊದಲು ಹೋದ್ರೂ ಅಡ್ಡಿಲ್ಲ ನನಗೆ. ಇರುವಷ್ಟು ದಿನ ಕೈ ನನ್ನದಾಗಿ ಇರ್ಲಿ.”

“ಎಂತ ಮಾತಾಡ್ತೀ ನೀನು!” ಎಂದು ಹತ್ತು ಜನರ ಎದುರು ಗದರಿಸಿದೆ. ಆ ಎರಡು ತಿಂಗಳು ನನಗೆ ಬೇಕಿತ್ತು ಅಧ್ಯಕ್ಷರೇ, ಅವಳಿಗಲ್ಲ. ಅದಾದ ಮೇಲೆ ಅವಳು ಬೆರಳಿನ ಸುದ್ದಿ ಎತ್ತಲಿಲ್ಲ. ಕೊನೆಕೊನೆಗೆ ಅವಳ ರವಿಕೆಯ ಹುಕ್ಕುಗಳನ್ನು ನಾನು ಹಾಕುತ್ತಿದ್ದೆ. ಊರಿನ ಅರ್ಧ ಹೆಂಗಸರಿಗೆ ರವಿಕೆ ಹೊಲಿಯಲು ಕಲಿಸಿದವಳು ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದಳು. ಎಂಬತ್ತಮೂರರ ನವೆಂಬರಿನಲ್ಲಿ ತೀರಿಕೊಂಡಳು.

ಎಲ್ಲ ತಪ್ಪನ್ನೂ ನಾನೇ ಹೊತ್ತುಕೊಂಡರೆ ತಮ್ಮ ಸಮಿತಿಯ ವಿದ್ವಾಂಸರಿಗೆ ಅನ್ಯಾಯವಾದೀತು. ಅವಳು ಬದುಕಿದ್ದಾಗಲೇ ಒಮ್ಮೆ ಮನಸ್ಸು ಚುಚ್ಚಿ, ಒಬ್ಬನೇ ಹೋಗಿ ವಾರ್ಡಿನ ಸಿಸ್ಟರ್ ವೆರೋನಿಕಾರಿಗೆ ವಿಷಯ ಹೇಳಿದ್ದೆ. ಅವರು ಫಾರ್ಮನ್ನು ನನ್ನ ಕಡೆ ತಿರುಗಿಸಿದರು. “ನೋಡಿ, ವಾಂತಿಗೆ ಉಂಟು, ಜ್ವರಕ್ಕೆ ಉಂಟು, ಕೂದಲು ಉದುರುವುದಕ್ಕೂ ಉಂಟು. ಬೆರಳಿಗೆ ಕಾಲಮ್ಮೇ ಇಲ್ಲ. ಎಲ್ಲಿ ಬರೆಯುವುದು ನಾನು?” ಆ ಫಾರ್ಮನ್ನು ತಯಾರಿಸಿದವರು ಯಾರು? ಅವರಲ್ಲಿ ಒಬ್ಬರಾದರೂ ಆ ಮದ್ದನ್ನು ಮೈಗೆ ಹಾಕಿಸಿಕೊಂಡಿದ್ದರೇ? ಹಾಕಿಸಿಕೊಂಡ ಒಬ್ಬರನ್ನಾದರೂ ಕೂರಿಸಿ, ‘ನಿಮಗೆ ಏನೇನು ಆಗುತ್ತದೆ, ಅದರಲ್ಲಿ ಯಾವುದನ್ನು ತಾಳಲಾರಿರಿ’ ಎಂದು ಕೇಳಿದ್ದರೇ? ಗಡ್ಡೆಯ ಅಳತೆಯನ್ನು ತಾವು ಧಾರಾಳವಾಗಿ ತೆಗೆಯಿರಿ, ಅದು ತಮ್ಮ ವಿದ್ಯೆ. ಆ ಗಡ್ಡೆಯ ಸುತ್ತ ಒಬ್ಬ ಮನುಷ್ಯ ಇದ್ದಾನೆ ಎಂಬುದಕ್ಕೂ ಒಂದು ಕಾಲಂ ಬೇಡವೇ? ಆದರೆ ಅಂದು ಇದನ್ನೆಲ್ಲ ಕೇಳುವ ಧೈರ್ಯ ನನಗಿರಲಿಲ್ಲ. ಜಾಗವೇ ಇಲ್ಲವಲ್ಲ ಎಂದು ಒಳಗೊಳಗೇ ಹಗುರಾಗಿ ಮನೆಗೆ ಬಂದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಈಗ ಬಾಯಿ ಬಿಟ್ಟಿರುವುದಕ್ಕೂ ನನ್ನ ಒಳ್ಳೆಯತನ ಕಾರಣವಲ್ಲ. ನಮ್ಮ ಹಿತ್ತಿಲಾಚೆಯ ಮನೆಯ ಬೊನಿಫಾಸ್ ಇಗರ್ಜಿಯಲ್ಲಿ ಪಿಟೀಲು ನುಡಿಸುವವರು. ತಮ್ಮ ಎರಡನೆಯ ಪ್ರಯೋಗದಲ್ಲಿ ಅವರ ಹೆಸರಿದೆ. ಮೊನ್ನೆ ಬಂದು ಕೇಳಿದರು: “ಮೂರ್ತಿಯವರೇ, ನನಗೂ ಅದೇ ಮದ್ದಂತೆ. ವಾರಿಜಕ್ಕನಿಗೆ ಎಂತಾದ್ರೂ ತೊಂದರೆ ಆಗಿತ್ತಾ?” ‘ಇಲ್ಲ’ ಎಂಬ ಮಾತು ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡು ನಿಜ ಹೇಳಿದೆ. ಅವರು ತುಂಬಾ ಹೊತ್ತು ತಮ್ಮ ಎಡಗೈ ನೋಡಿಕೊಂಡರು. “ಮದ್ದು ಬೇಡ ಅಂತ ನಾನು ಹೇಳುವುದಿಲ್ಲ. ಎಷ್ಟು ಕೊಡುವುದು ಅಂತ ಮಾತಾಡುವಾಗ ನನ್ನನ್ನೊಮ್ಮೆ ಕೇಳ್ಲಿಕ್ಕೆ ಆಗುದಿಲ್ವಾ ಅವರಿಗೆ?” ಎಂದರು. ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ತಾವು.

ವಾರಿಜಾಳ ಹೆಸರಿನ ಮುಂದಿರುವ ನನ್ನ ಉತ್ತರವನ್ನು ಹೊಡೆದುಹಾಕಿ, ಅವಳು ಹೇಳಬೇಕೆಂದಿದ್ದದ್ದನ್ನು ಬರೆಯಿರಿ. ಉಳಿದವರಲ್ಲಿ ಬದುಕಿರುವವರನ್ನೆಲ್ಲ ಕರೆಸಿ ಇನ್ನೊಮ್ಮೆ ಕೇಳಿ. ಅಲ್ಲಿಯವರೆಗೆ ಎರಡನೆಯ ಪ್ರಯೋಗವನ್ನು ತಡೆಹಿಡಿಯಿರಿ. ಅದರ ಫಾರ್ಮನ್ನೂ ಮದ್ದಿನ ಪ್ರಮಾಣವನ್ನೂ ತೀರ್ಮಾನಿಸುವ ಮೇಜಿನ ಸುತ್ತ ಬೊನಿಫಾಸರಂಥವರಿಗೆ ಕುರ್ಚಿ ಹಾಕಿ. ಅವರು ಮಾತಾಡುವಾಗ ಮನೆಯವರನ್ನು ಹೊರಗೆ ಕಳುಹಿಸಿ. ಮನೆಯವರು ಕೆಟ್ಟವರೆಂದಲ್ಲ. ನಾನೂ ಕೆಟ್ಟವನಾಗಿರಲಿಲ್ಲ. ಅವಳು ಹೋಗಬಾರದೆಂಬ ಆಸೆಯಿಂದಲೇ ಅವಳ ಬಾಯಿ ಮುಚ್ಚಿಸಿದೆ.

ಇಂತಿ,
ಕೇಳದೆಯೇ ಹೆಂಡತಿಯ ಪರವಾಗಿ ಉತ್ತರಿಸಿದವನು,
ವಿಷ್ಣುಮೂರ್ತಿ
ಮಣ್ಣಗುಡ್ಡ, ಮಂಗಳೂರು
ಜುಲೈ ೧೯೮೪