ಮೈಕು ಬಿಡದ ಮಾವ

ಉರಾನಾಯ್ ಬಂದರಿನ ಊರು,
ಫೆಬ್ರವರಿ ಮೂರು, ಬೆಳಗ್ಗೆ

ಭೂಮಿಯ ತಳದಲ್ಲಿ ಕೂತಿರುವ ನಮ್ಮ ಮನೆಮಗಳು ಫುಮಿನೊಗೆ, ತಲೆಯ ಮೇಲಿಂದ ಮಾವ ಗೆನ್ಸಾಕು ಮಾಡುವ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ. ಕಡಲಲ್ಲಿ ತೇಲುವ ಮಂಜುಗಡ್ಡೆ ಉತ್ತರದಿಂದ ಬಂದು ದಡಕ್ಕೆ ಒತ್ತಿಕೊಂಡು ನಿಂತಿದೆ. ಮಂಜು ಬಂತೆಂದರೆ ನಾವು ದೋಣಿ ಎಳೆದು ಮೇಲೆ ಹಾಕುವವರು. ನೀನು ನೋಡಿದರೆ ಹಡಗು ಹತ್ತಿ ಅದರ ಬಾಯಿಗೇ ಹೋಗಿ ಕೂತಿದ್ದೀಯ. ಗಂಡಸರಿಗೆ ಈಗ ಕೆಲಸವಿಲ್ಲ. ಅವರು ಒಲೆಯ ಸುತ್ತ ಕೂತು ಕುಡಿಯುತ್ತಾರೆ, ನಾನು ಮಾತಾಡುತ್ತೇನೆ. ನೀನು ದಕ್ಷಿಣ ಧ್ರುವದ ಮಂಜುಗಡ್ಡೆ ತರುತ್ತೀಯ, ಎಲ್ಲರ ಲೋಟಕ್ಕೂ ಒಂದೊಂದು ಚೂರು ಎಂದು ಮಾತು ಕೊಟ್ಟುಬಿಟ್ಟಿದ್ದೇನೆ. ಸಿಗದಿದ್ದರೆ ಚಿಂತೆ ಬೇಡ. ನಮ್ಮ ಕಡಲಿನದನ್ನೇ ಒಡೆದು ಹಾಕುತ್ತೇನೆ. ಉಪ್ಪುಪ್ಪು ಎಂದರೆ, ಧ್ರುವದ್ದು ಹಾಗೇ ಇರುತ್ತದೆ ಎಂದರಾಯಿತು.

ಈ ಕಾಗದವನ್ನು ಹೆಡ್‌ಮಾಸ್ಟರ್ ಹಿರಾನುಮಾ ಫೋಟೊ ತೆಗೆದು ನಿನ್ನ ಹಡಗಿಗೆ ಕಳಿಸುತ್ತಾರೆ. ಹಾಗಾಗಿ ಅಕ್ಷರ ದುಂಡಗೆ ಬರೆಯುತ್ತಿದ್ದೇನೆ.

ನೀನು ಹಡಗಿನಿಂದ ನಿನ್ನ ಶಾಲೆಯ ಮಕ್ಕಳಿಗೆ ಮಾಡಿದ ಪಾಠ ಬಹಳ ಚೆನ್ನಾಗಿತ್ತು. ಶಾಲೆಯ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಕೆಂಪು ಅಂಗಿ ಹಾಕಿಕೊಂಡು ನೀನು ಬಂದಾಗ ನಿನ್ನಮ್ಮ, ನನ್ನ ಅಕ್ಕ, ಬಾಯಿಗೆ ಕೈ ಅಡ್ಡ ಹಿಡಿದಳು. ಹಡಗು ಹಿಂದಕ್ಕೆ ಸರಿದು, ಟಗರಿನಂತೆ ಓಡಿ ಬಂದು ಮಂಜಿಗೆ ಹಾಯುವುದನ್ನು ನೀನು ತೋರಿಸಿದೆ. ಮಕ್ಕಳು ಬೆಂಚು ಬಿಟ್ಟು ಎದ್ದರು. ಮುದುಕರೂ ಎದ್ದರು. ಇಂಥ ಪಾಠ ಈ ಕರಾವಳಿಯಲ್ಲಿ ಯಾರೂ ಮಾಡಿಲ್ಲ ಎಂದು ನಾನು ಊರಿಗೆಲ್ಲ ಹೇಳಿಕೊಂಡು ಬಂದೆ.

ಕೊನೆಯಲ್ಲಿ ಸ್ವಲ್ಪ ತೊಂದರೆಯಾಯಿತು. ಉಪಗ್ರಹದ್ದೇನೋ ಸಮಯ ಮುಗಿದು ಪರದೆ ಕಪ್ಪಾಯಿತು.

ಹೀಗೆ ಬರೆದು ಮುಗಿಸೋಣ ಎಂದು ಕೂತವನು ನಾನು. ಓದಿದ ನಿನ್ನ ಅತ್ತೆ ಸದಾಯೆ ಕಾಗದವನ್ನು ನನ್ನ ಕಡೆಗೇ ತಳ್ಳಿ, ಉಪಗ್ರಹಕ್ಕೆ ಬಾಯಿಲ್ಲ, ಅದಕ್ಕೇ ಅದರ ಮೇಲೆ ಹೇಳುತ್ತಿದ್ದೀರಿ ಎಂದಳು. ಸರಿ, ಹೇಳುತ್ತೇನೆ.

ಪ್ರಶ್ನೆ ಕೇಳುವ ಮಕ್ಕಳು ಸಾಲಾಗಿ ನಿಂತಿದ್ದರು. ಮೈಕು ಕೈಯಿಂದ ಕೈಗೆ ಹೋಗುತ್ತಿತ್ತು. ಒಬ್ಬ ಹುಡುಗ ನಿನ್ನನ್ನು, ಮಂಜಿನ ಮೇಲೆ ನಡೆಯಲು ಹೆದರಿಕೆಯಾಗಲ್ವಾ ಟೀಚರ್, ಎಂದು ಕೇಳಿದ. ನೀನು ಬಾಯಿ ತೆರೆಯುವಷ್ಟರಲ್ಲಿ ನಾನು ಎದ್ದು ಹೋಗಿ ಅವನ ಕೈಯಿಂದ ಮೈಕು ತೆಗೆದುಕೊಂಡೆ. ಒಂದೇ ಮಾತು ಎಂದುಕೊಂಡಿದ್ದೆ. ನಿನಗೆ ಮಂಜಿನ ಮೇಲೆ ನಡೆಯಲು ಕಲಿಸಿದವನು ನಾನೇ ಎಂದೆ. ಜನ ನಕ್ಕರು. ಅಷ್ಟು ಸಾಕಾಯಿತು. ಬಿರುಕಿಗೆ ಬಿದ್ದ ನಿನ್ನನ್ನು ಜಡೆ ಹಿಡಿದು ಎತ್ತಿದ್ದು, ಕಡಲಿನ ಸೀಲು ಪ್ರಾಣಿಯ ಜೊತೆ ಕುಸ್ತಿ ಹಿಡಿದದ್ದು, ಎಲ್ಲ ಬಂತು. ಸೀಲಿನ ಕಥೆ ಸುಳ್ಳು ಎಂದು ನಿನಗೆ ಗೊತ್ತು. ಜಡೆಯೂ ಸುಳ್ಳು, ನಿನ್ನನ್ನು ಎತ್ತಿದ್ದು ಅಕ್ಕ.

ಪರದೆಯಲ್ಲಿ ನೀನು ಕೈ ಆಡಿಸುತ್ತಿದ್ದೆ. ತುಟಿ ಕಾಣಿಸುತ್ತಿತ್ತು, ಧ್ವನಿ ಬರುತ್ತಿರಲಿಲ್ಲ. ಕೇಳಿಸ್ತಿಲ್ಲಮ್ಮ ಎಂದು ಹೇಳಿ ನಾನು ಮುಂದುವರಿಸಿದೆ. ಪರದೆ ಆರಿತು.

ನನ್ನ ಪಕ್ಕದಲ್ಲೇ, ಸಾಲಿನಲ್ಲಿ ಮುಂದಿನವಳಾಗಿ ನಿಂತಿದ್ದವಳು ಕೊಹಾರು. ಶಾಲೆಗೆ ಸೇರಿದಾಗಿನಿಂದ ಅವಳು ಅಲ್ಲಿ ಒಂದು ಮಾತೂ ಆಡಿಲ್ಲ ಎಂಬುದು ಊರಿಗೆ ಗೊತ್ತು. ಹಡಗು ಹತ್ತುವ ಮೊದಲು ನೀನು ಅವಳಿಗೆ, ಮಂಜಿನ ಮೇಲಿಂದ ನಿನ್ನ ಪ್ರಶ್ನೆಗೆ ಕಾಯುತ್ತೇನೆ ಎಂದಿದ್ದೆಯಂತೆ. ಅವಳು ತಲೆಯಾಡಿಸಿದ್ದಳಂತೆ. ಅಂದಿನಿಂದ ಮನೆಯಲ್ಲಿ ಅಜ್ಜಿಯ ಎದುರು ಕೂತು ಆ ಪ್ರಶ್ನೆಯನ್ನು ದಿನವೂ ಅಭ್ಯಾಸ ಮಾಡುತ್ತಿದ್ದಳಂತೆ. ಇದನ್ನೆಲ್ಲ ಹೆಡ್‌ಮಾಸ್ಟರ್ ಆಮೇಲೆ ಹೇಳಿದರು, ಬೈಯದೆ, ಚಹಾ ಕೊಟ್ಟು.

ಕೊಹಾರುವಿನ ಅಜ್ಜಿ ಚಿಪ್ಪುಮೀನಿನ ಶೆಡ್ಡಿನ ಕೆಲಸಕ್ಕೆ ರಜೆ ಹಾಕಿ, ಒಳ್ಳೆಯ ಬಟ್ಟೆ ಉಟ್ಟು ಬಂದಿದ್ದಳು. ಪರದೆ ಆರಿದ ಮೇಲೆ ಅವಳು ನನ್ನ ಮುಂದೆ ಬಗ್ಗಿ, ಕಥೆ ಚೆನ್ನಾಗಿತ್ತು ಎಂದು ಹೇಳಿ ಮೊಮ್ಮಗಳ ಕೈ ಹಿಡಿದು ಹೋದಳು. ಬೈದಿದ್ದರೆ ತಿರುಗಿ ಏನಾದರೂ ಹೇಳುತ್ತಿದ್ದೆ. ನನಗೆ ಗೊತ್ತಿರುವುದು ಅದೊಂದೇ.

ಮನೆಗೆ ಬಂದರೆ ನಿನ್ನ ಅತ್ತೆ ಸಾರು ಬಡಿಸುತ್ತಾ ಹೇಳಿದಳು, "ಅಷ್ಟು ದೊಡ್ಡ ಹಡಗೂ ಮಂಜು ಒಡೀಬೇಕಾದ್ರೆ ಮೊದಲು ಹಿಂದಕ್ಕೆ ಸರಿಯುತ್ತಂತೆ ಕಣ್ರೀ. ನೀವು ಹುಟ್ಟಿದಾಗಿಂದ ಒಂದು ಸಲನಾದ್ರೂ ಸರಿದಿದ್ದೀರಾ?"

ನಾಲ್ಕು ಜನರ ಮುಂದೆ ಮುಖ ಎತ್ತಲಾಗುತ್ತಿಲ್ಲ, ಮಗಳೇ. ನಿನ್ನ ಮುಂದೆಯೂ. ಅಷ್ಟು ದೂರ ಹೋಗಿ, ಅಷ್ಟು ಚಳಿಯಲ್ಲಿ ನಿಂತು ಒಂದು ಮಗುವಿನ ಧ್ವನಿಗಾಗಿ ಕಾದಿದ್ದೆ. ನಿನ್ನ ಕಿವಿಗೆ ಬಿದ್ದದ್ದು ನನ್ನದು. ಕ್ಷಮಿಸು ಎನ್ನುವುದಕ್ಕೂ ನಾಚಿಕೆಯಾಗುತ್ತದೆ.

ಬೆಚ್ಚಗಿರು. ಹೊಟ್ಟೆ ತುಂಬ ತಿನ್ನು.

ನಿನ್ನ ಮಾವ,
ಗೆನ್ಸಾಕು

ಮರೆತದ್ದು, ರಾತ್ರಿ ಬರೆದದ್ದು: ಈ ಹಾಳೆಯನ್ನು ಹೆಡ್‌ಮಾಸ್ಟರಿಗೆ ಕೊಡುವುದಿಲ್ಲ. ನಿನ್ನ ಅತ್ತೆಯೇ ತನ್ನ ಫೋನಿನಲ್ಲಿ ತೆಗೆದು ಕಳಿಸುತ್ತಾಳೆ.

ಅಂದು ನಿನ್ನ ಧ್ವನಿ ನನಗೆ ಕೇಳಿಸಿತ್ತು. "ಮಾವ, ಮೈಕು ಕೊಹಾರುಗೆ ಕೊಡಿ" ಎಂದು ನೀನು ಎರಡು ಸಲ ಹೇಳಿದೆ. ಎರಡೂ ಸಲ ಸ್ಪಷ್ಟವಾಗಿ ಕೇಳಿಸಿತು. ಊರೆಲ್ಲ ನನ್ನನ್ನೇ ನೋಡುತ್ತಿತ್ತು, ಕೊಡಲು ಮನಸ್ಸು ಬರಲಿಲ್ಲ.

ಇವತ್ತು ಮಧ್ಯಾಹ್ನ ಶಾಲೆಯಲ್ಲಿ ಚಳಿಗಾಲ ಕಳಿಸುವ ಹಬ್ಬವಿತ್ತು. ವರ್ಷವೂ ಕೆಂಪು ಮುಖವಾಡದ ರಾಕ್ಷಸ ನಾನೇ ಅಲ್ಲವೇ, ಬರುವುದಿಲ್ಲ ಎಂದರೂ ಬಿಡಲಿಲ್ಲ. "ರಾಕ್ಷಸ ಹೊರಗೆ, ಭಾಗ್ಯ ಒಳಗೆ" ಎಂದು ಕೂಗುತ್ತಾ ಮಕ್ಕಳು ಕಡಲೆಕಾಯಿಯಲ್ಲಿ ಹೊಡೆದರು. ಈ ಸಲ ಗಟ್ಟಿಯಾಗಿಯೇ ಹೊಡೆದರು. ಕೊಹಾರು ಗೋಡೆಗೆ ಒರಗಿ, ಮುಷ್ಟಿ ಬಿಗಿಹಿಡಿದು ನಿಂತಿದ್ದಳು. ರಾಕ್ಷಸನಾದವನು ಮುಖವಾಡ ತೆಗೆಯಬಾರದು. ನಾನು ಅವಳ ಮುಂದೆ ಮೊಣಕಾಲೂರಿ ತೆಗೆದೆ, ತಲೆ ಬಗ್ಗಿಸಿದೆ.

ಅವಳು ಹೊಡೆಯಲಿಲ್ಲ. ಮೆಲ್ಲಗೆ, ನನಗೊಬ್ಬನಿಗೇ ಕೇಳುವಂತೆ ಹೇಳಿದಳು, "ಅವತ್ತು ನನ್ನ ಸರದಿ ಇತ್ತು."

ಆ ಗಲಾಟೆಯಲ್ಲಿ ಬೇರೆ ಯಾರಿಗೂ ಗೊತ್ತಾಗಲಿಲ್ಲ. ನಾನೂ ಹೇಳಿಲ್ಲ, ಹೆಡ್‌ಮಾಸ್ಟರಿಗಾಗಲಿ, ಒಲೆಯ ಹತ್ತಿರ ಕೂತವರಿಗಾಗಲಿ. ಏನ್ ಗೆನ್ಸಾಕು, ಬಾಯಿಗೂ ಮಂಜು ಕಟ್ತಾ ಎಂದು ಅವರು ಕೆಣಕಿದರು. ಹೌದು ಎಂದೆ.

ನೀನು ಇನ್ನೊಂದು ಸಲ ಪರದೆಯ ಮೇಲೆ ಬರುವುದಾದರೆ ಅವಳಿಗೊಬ್ಬಳಿಗಾಗಿ ಬಾ. ಯಾವತ್ತು ಎಂದು ಮಾತ್ರ ನನಗೆ ಹೇಳಬೇಡ.