ಹಾಲಗಂಬದ ಕೆಂಪು

ಭಾಗ್ಯನಗರ,
ಶನಿವಾರ

ಯಂಕೇಶ ಅವರಿಗೆ,

ನಿಮ್ಮ ಮದುವೆ ಮುಂದಿನ ಸೋಮವಾರ ಎಂದು ನಿಶ್ಚಯವಾಗಿದೆಯಂತೆ. ಇದನ್ನು ನನಗೆ ತಿಳಿಸಿದವರು ನಿಮ್ಮ ಅವ್ವ ಯಮನೂರಮ್ಮ. ನೀವು ಶ್ರೀರಾಮನಗರದಲ್ಲಿ ಗೋಡೆ ಚಿತ್ರ ಬರೆಯುತ್ತಿದ್ದಾಗ, ನಿನ್ನೆ ನಾವಿಬ್ಬರೂ ನಡೆಸುವ ಬಣ್ಣದ ಅಂಗಡಿಗೆ ಬಂದಿದ್ದರು.

“ಮದುವಿ ಹಂದರದ ಹಾಲಗಂಬಕ್ಕ ಪ್ಯಾಟಿ ಬಣ್ಣ ಬ್ಯಾಡ ರೇಣುಕಾ, ನೀನ ಮಾಡಿಕೊಡು. ಮನಿ ಮಗಳಿದ್ದಂಗ ನೀ,” ಎಂದರು. ಚಹಾ ಕುಡಿದು, “ಯಂಕೇಶಂದೊಂದು ಮುಗೀತು. ಇನ್ನ ನಿನಗೊಂದು ವರ ನೋಡ್ತೀನಿ,” ಎಂದು ನಕ್ಕರು. ನಮ್ಮಿಬ್ಬರ ವಿಷಯ ನೀವು ಅವರಿಗೆ ಏನೂ ಹೇಳಿಲ್ಲವೆಂದು ಆಗ ಗೊತ್ತಾಯಿತು. ನಾನೂ ಹೇಳಲಿಲ್ಲ.

ಕಬ್ಬಿಣದ ಧೂಳನ್ನು ಹುರಿದು ತೆಗೆದ ನಮ್ಮ ಕೆಂಪನ್ನೇ ಕಳಿಸುತ್ತಿದ್ದೇನೆ. ಎಷ್ಟೋ ಸಲ ಕಾವು ಹೆಚ್ಚಾಗಿ ಕಪ್ಪಿಟ್ಟಿತ್ತು. ಸರಿಯಾಗಿ ಬಂದ ದಿನ ನೀವು ಅದನ್ನು ನನ್ನ ಅಂಗೈಗೆ ಹಚ್ಚಿ ನೋಡಿ, ಮೊದಲು ನಮ್ಮಿಬ್ಬರ ಮನೆಯ ಹೊಸ್ತಿಲಿಗೆ ಬಳಿಯೋಣ ಎಂದಿದ್ದಿರಿ. ಬೇರೆ ಕೆಂಪು ಕೊಡಬಹುದಿತ್ತು. ಅದು ಬಿಸಿಲಿಗೆ ಬೇಗ ಮಾಸುತ್ತದೆ.

ಕಂಬದ ಮೇಲಿನ ಸುಣ್ಣದ ಪಟ್ಟಿ ಪೂರ್ತಿ ಒಣಗಿದ ಮೇಲೆ ಕೆಂಪು ಎಳೆಯಿರಿ. ಅಂಟು ಬೆರೆಸಿದ್ದೇನೆ, ನೀರು ಹಾಕಬೇಡಿ. ಕಂಬವನ್ನು ನೀವೇ ಬರೆಯಿರಿ, ಬೇರೆಯವರ ಕೈಯಲ್ಲಿ ಅಂಚು ಸೊಟ್ಟಗಾಗುತ್ತದೆ. ಈ ಬಣ್ಣ ಮಾಡುವುದನ್ನು ನಿಮ್ಮ ಹೆಂಡತಿಗೆ ಕಲಿಸು ಎಂದು ಮಾತ್ರ ನನ್ನನ್ನು ಕೇಳಬೇಡಿ.

ಅಂಗಡಿಯ ಕೀಲಿಕೈ ಪಕ್ಕದ ಟೇಲರ್ ಹೊನ್ನೂರಪ್ಪನವರ ಹತ್ತಿರ ಇದೆ. ನಾನು ಓದಿದ ರಸಾಯನಶಾಸ್ತ್ರಕ್ಕೆ ಗಿಣಿಗೇರಾದ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿದೆ. ಅದೇ ಸೋಮವಾರ ಬೆಳಗಿನ ಪಾಳಿಗೆ ಹಾಜರಾಗಬೇಕು.

ಇಂತಿ,
ರೇಣುಕಾದೇವಿ